ಸೊಟ್ಟ, ಸೊತ್ತ

ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮಾತು ಪೂರ್ತಿ ಕೇಳಿಸುವುದಿಲ್ಲ. ಅರ್ಧ ಕಿವಿಗೆ ಬೀಳುತ್ತದೆ, ಉಳಿದದ್ದನ್ನು ಎದುರಿನವರ ತುಟಿ ನೋಡಿ ತುಂಬಿಕೊಳ್ಳಬೇಕು. ಹೊಸೂರಿನ ಆ ಕಾರ್ಖಾನೆಗೆ ಸೇರಿದ ಮೊದಲ ವಾರ ಅಲ್ಲಿದ್ದವರೆಲ್ಲ ನನ್ನನ್ನು ಬೈಯುತ್ತಿದ್ದಾರೆಂದೇ ತಿಳಿದಿದ್ದೆ. ಅವರು ಟೀಗೆ ಕರೆಯುತ್ತಿದ್ದರು ಎಂದು ಗೊತ್ತಾಗುವುದಕ್ಕೆ ಒಂದಷ್ಟು ದಿನ ಬೇಕಾಯಿತು.

ಅಲ್ಲಿ ತಯಾರಾಗುತ್ತಿದ್ದದ್ದು ಬೈಕಿನ ಸೈಲೆನ್ಸರಿನ ಕವರು. ಹಿಂದೆ ಕೂತವರ ಕಾಲು ಸುಡದ ಹಾಗೆ ಮೇಲೆ ಕೂರಿಸುವ ತಗಡು. ನಾನು ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೆ. ಓದಿದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ. ಉಳಿದಿರುವುದು ಯಾರು ಏನು ಹೇಳಿದರೂ ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವ ಚಟ. ಇದರಿಂದ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ‘ಮಳೆ ಬತ್ತೈತೆ, ಬಟ್ಟೆ ಎತ್ತಿಕ್ಕೋ’ ಎಂದು ಅಮ್ಮ ಕೂಗಿದರೆ ನಾನು ಮೊದಲು ಆಕಾಶ ನೋಡುತ್ತಿದ್ದೆ. ಅಷ್ಟರಲ್ಲಿ ಬಟ್ಟೆ ನೆನೆದಿರುತ್ತಿತ್ತು.

ಕೆಲಸ ಹೀಗಿತ್ತು. ಒಬ್ಬ ಆಪರೇಟರು ಒಂದು ಶಿಫ್ಟಿನಲ್ಲಿ ಒತ್ತಿದ ಕವರುಗಳೆಲ್ಲ ಸೇರಿ ಒಂದು ಲಾಟು. ಅಷ್ಟನ್ನೂ ನೋಡಲು ಪುರುಸೊತ್ತಿಲ್ಲ, ಅದಕ್ಕೆ ಅದರೊಳಗಿಂದ ಐವತ್ತನ್ನು ಎತ್ತಿ ನೋಡುತ್ತಿದ್ದೆವು. ಐವತ್ತರಲ್ಲಿ ಎರಡರ ತನಕ ಕೆಟ್ಟಿದ್ದರೂ ಲಾಟು ಪಾಸು. ಮೂರನೆಯದು ಸಿಕ್ಕಿದರೆ ಇಡೀ ಲಾಟಿಗೆ ಕೆಂಪು ಚೀಟಿ. ಆಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಆರಿಸಬೇಕು, ಒತ್ತಿದ ಆಪರೇಟರನ ಹೆಸರು ಬಾಗಿಲ ಬಳಿಯ ಬೋರ್ಡಿನ ಮೇಲೆ ಏರುತ್ತದೆ.

ಐವತ್ತನ್ನು ನೋಡುವಾಗ ಹಾಳೆಯಲ್ಲಿ ಎರಡು ಲೆಕ್ಕ ಬರೆಯಬೇಕು. ಮೇಲಿನ ಸಾಲಿನಲ್ಲಿ ಕೆಟ್ಟ ಪೀಸುಗಳು ಎಷ್ಟು ಎಂದು. ಕೆಳಗೆ ಅವುಗಳಲ್ಲಿ ಇರುವ ದೋಷಗಳು ಎಷ್ಟು ಎಂದು: ಗೀರು ಇಷ್ಟು, ನೆಗ್ಗು ಇಷ್ಟು, ಅಂಚಿನಲ್ಲಿ ಉಳಿದ ಮುಳ್ಳು ಇಷ್ಟು. ಲಾಟಿನ ಹಣೆಬರಹ ನಿರ್ಧಾರವಾಗುವುದು ಮೇಲಿನ ಸಾಲಿನಿಂದ. ಯಂತ್ರವನ್ನು ರಿಪೇರಿ ಮಾಡುವವರು ನೋಡುವುದು ಕೆಳಗಿನದನ್ನು. ಇವೆರಡೂ ಒಂದೇ ಅಲ್ಲ ಎಂಬುದನ್ನು ನಾನು ಬರುವ ತನಕ ಅಲ್ಲಿ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಒಂದೇ ಕವರಿನ ಮೇಲೆ ಎರಡು ಗೀರು, ಒಂದು ನೆಗ್ಗು ಇದ್ದರೆ ಕೆಲವರು ಮೇಲಿನ ಸಾಲಿನಲ್ಲೂ ಮೂರು ಎಂದು ಬರೆದುಬಿಡುತ್ತಿದ್ದರು.

ಅದನ್ನು ತಿದ್ದಲು ನಾನೊಂದು ಕ್ಲಾಸು ತೆಗೆದುಕೊಂಡೆ. ತಮಿಳಿನಲ್ಲಿ. ನನ್ನ ತಮಿಳು ಶಾಲೆಯಲ್ಲಿ ಕಲಿತ ತಮಿಳು, ತಪ್ಪಿಲ್ಲ. ಆದರೆ ಅದನ್ನು ಕೇಳಿದವರಿಗೆ ರೇಡಿಯೋ ಕೇಳಿದ ಹಾಗಾಗುತ್ತದಂತೆ. ಒಂದು ಬದನೆಕಾಯಿ ತಂದು ಎಲ್ಲರಿಗೂ ತೋರಿಸಿದೆ. ‘ಇದರಲ್ಲಿ ಹುಳ ಕೊರೆದ ತೂತು ಮೂರಿವೆ. ಎಸೆಯುವುದು ಎಷ್ಟು ಬದನೆಕಾಯಿ?’ ಎಂದು ಕೇಳಿದೆ. ‘ಒಂದು’ ಎಂದರು. ‘ಹಾಗೇ ಇದೂ. ತೂತು ಮೂರು, ಕೆಟ್ಟ ಕಾಯಿ ಒಂದು.’ ಕೆಟ್ಟ ಕಾಯಿಗೆ ತಮಿಳಿನಲ್ಲಿ ಸೊತ್ತೈ ಎನ್ನುತ್ತಾರೆ. ನಮ್ಮ ಕಡೆಯ ಬಾಯಲ್ಲಿ ಅದು ‘ಸೊತ್ತ’. ಹುಳ ಹಿಡಿದ ಹಲ್ಲೂ ಸೊತ್ತ, ಹುಳ ಹಿಡಿದ ಕಾಯಿಯೂ ಸೊತ್ತ. ಎಲ್ಲರೂ ನಕ್ಕರು. ಅಲ್ಲಿಯ ತನಕ ‘ರಿಜೆಕ್ಟ್’ ಎನ್ನುತ್ತಿದ್ದವರು ಮರುದಿನದಿಂದ ಕೆಟ್ಟ ಪೀಸನ್ನು ಸೊತ್ತ ಎಂದು ಕರೆಯತೊಡಗಿದರು. ನನ್ನ ಪಾಠ ಇಷ್ಟು ಬೇಗ ಹತ್ತಿತಲ್ಲ ಎಂದು ನಾನು ಹಿಗ್ಗಿದೆ. ಈಗ ಆ ಹಿಗ್ಗು ನೆನಪಾದರೆ ಮುಖ ಬಿಸಿಯಾಗುತ್ತದೆ.

ಏಕೆಂದರೆ ಆ ಬೆಂಚಿನ ಮೇಲೆ ಆಗಲೇ ಇನ್ನೊಂದು ಮಾತು ಇತ್ತು. ಐವತ್ತು ಪೀಸು ನೋಡುತ್ತಿದ್ದ ಅಕ್ಕ ಬಾಗಲೂರು ಕಡೆಯವರು, ಮನೆಮಾತು ತೆಲುಗು. ತೆಲುಗಿನಲ್ಲಿ ನೆಗ್ಗಿಗೆ ‘ಸೊಟ್ಟ’ ಎನ್ನುತ್ತಾರೆ. ನಾವು ಕನ್ನಡದವರು ಸೊಟ್ಟ ಎಂದರೆ ಡೊಂಕು ಎಂದುಕೊಳ್ಳುತ್ತೇವೆ. ಆಕೆ ಕವರನ್ನು ಟ್ಯೂಬ್‌ಲೈಟಿನ ಕೆಳಗೆ ಹೊರಳಿಸಿ, ಬೆರಳು ಆಡಿಸಿ, ಕೆಟ್ಟದ್ದನ್ನು ಕೆಂಪು ಡಬ್ಬಕ್ಕೆ ಹಾಕುವರು. ಟ್ರೇ ಮುಗಿದ ಮೇಲೆ ತಲೆ ಎತ್ತಿ ಲೆಕ್ಕ ಕೂಗುವರು: ಸೊತ್ತ ಇಷ್ಟು, ಸೊಟ್ಟ ಇಷ್ಟು, ಗೀರು ಇಷ್ಟು. ಒಂದು ಇಡೀ ಪೀಸು, ಇನ್ನೊಂದು ಅದರ ಮೇಲಿನ ನೆಗ್ಗು. ನಡುವೆ ಇರುವ ಅಂತರ ನಾಲಿಗೆ ಮಡಿಚುವಷ್ಟು. ಹಿಂದೆ ಪ್ರೆಸ್ಸುಗಳು ದಬದಬ ಬೀಳುತ್ತಿರುತ್ತವೆ. ಆ ಎರಡನ್ನು ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿದವನು ನಾನು, ಬದನೆಕಾಯಿ ಹಿಡಿದುಕೊಂಡು.

ಅದೇ ಶಾಪಿನಲ್ಲಿ ನನ್ನ ಸೋದರಮಾವ ಪ್ರೆಸ್ಸು ಓಡಿಸುತ್ತಿದ್ದ. ಅಮ್ಮನ ಕೊನೆಯ ತಮ್ಮ. ಗುಮ್ಮಳಾಪುರದ ಆಚೆ ನಮ್ಮ ಅಜ್ಜಿಯ ಊರು. ಹೊಲವನ್ನು ಅಣ್ಣಂದಿರು ನೋಡಿಕೊಳ್ಳುತ್ತಾರೆ, ಇವನು ಹುಡುಗನಾಗಿದ್ದಾಗಲೇ ಹೊಸೂರಿಗೆ ಬಂದು ಕಾಂಟ್ರಾಕ್ಟಿನಲ್ಲಿ ಸೇರಿದವನು. ಜೊತೆಗೆ ಸೇರಿದವರಲ್ಲಿ ಕೆಲವರು ಪರ್ಮನೆಂಟಾಗಿದ್ದರು, ಕೆಲವರು ಬಿಟ್ಟುಹೋಗಿದ್ದರು. ಇವನು ಎರಡೂ ಆಗದೆ ಉಳಿದಿದ್ದ. ಮಗಳಿಗೆ ಗಂಡು ನೋಡುವಾಗ ‘ಹುಡುಗಿಯ ಅಪ್ಪ ಕಂಪನಿಯಲ್ಲಿ ಪರ್ಮನೆಂಟಾ?’ ಎಂದು ಕೇಳಿದವರಿಗೆ ಅತ್ತೆ ‘ಇನ್ನೇನು ಆಗ್ತದೆ’ ಎಂದು ಹೇಳಿ ಹೇಳಿ ಸೋತಿದ್ದಳು. ಆ ವರ್ಷ ಸೂಪರ್‌ವೈಸರು ಅವನನ್ನು ಕರೆದು, ಪರ್ಮನೆಂಟ್ ಪಟ್ಟಿಗೆ ನಿನ್ನ ಹೆಸರೂ ಹೋಗುತ್ತದೆ, ಪಟ್ಟಿ ಹೋಗುವ ತನಕ ನಿನ್ನ ಒಂದು ಲಾಟೂ ನಿಲ್ಲಬಾರದು ಎಂದಿದ್ದರು. ಒಂದು ಕೆಂಪು ಚೀಟಿ ಬಿದ್ದರೂ ಆ ಜಾಗಕ್ಕೆ ಇನ್ನೊಬ್ಬನ ಹೆಸರು ಸಿದ್ಧವಿತ್ತು.

ಜನರೆದುರು ಮಾವ ನನ್ನನ್ನು ‘ಸಾರ್’ ಎನ್ನುತ್ತಿದ್ದ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಯಾವತ್ತೂ ತಿಳಿಯಲಿಲ್ಲ. ಕ್ಯಾಂಟೀನಿನ ಹಿಂದೆ ಕೈ ತೊಳೆಯುವಾಗ ಮಾತ್ರ ಹಳೆಯ ಮಾವ.

“ಏನ್ಲಾ ಅಳಿಯ, ಬದ್ನೇಕಾಯಿ ಪಾಠ ಮಾಡಿದ್ಯಂತೆ? ನಿಮ್ಮಮ್ಮ ಕೇಳ್ಬೇಕಿತ್ತು. ಸಣ್ಣೋನಿದ್ದಾಗ ಬದ್ನೇಕಾಯಿ ಅಂದ್ರೆ ಮಂಚದ ಕೆಳಕ್ಕೆ ನುಗ್ತಿದ್ದೆ.”

“ನೀನು ಬಂದಿರಲಿಲ್ಲ ಕ್ಲಾಸಿಗೆ?”

“ಕಾಂಟ್ರಾಕ್ಟ್‌ನೋರ್ಗೆ ಎಲ್ಲೈತ್ಲಾ ಕ್ಲಾಸು. ನಾವು ಒತ್ತೋದು, ನೀವು ಎಣಿಸೋದು.”

ಆ ದಿನದ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು ಕಡಿಮೆ, ನೆನಪಿದೆ ಅನ್ನಿಸುವುದು ಹೆಚ್ಚು. ಎರಡನ್ನೂ ಬೇರೆ ಮಾಡಲು ಎಷ್ಟೋ ಸಲ ಕೂತಿದ್ದೇನೆ. ಲೆಕ್ಕ ಬರೆಯುವ ಹುಡುಗಿ ರಜೆ ಹಾಕಿದ್ದಳು, ಅವಳ ಜಾಗದಲ್ಲಿ ನಾನು ಕೂತೆ. ಇದು ನಿಜ. ಹಾಳೆಯಲ್ಲಿ ಇದ್ದದ್ದು ನನ್ನ ಅಕ್ಷರ. ಬೆಳಗಿನ ಹೊತ್ತು, ಟೀ ಬಿಡುವಿಗೆ ಸ್ವಲ್ಪ ಮುಂಚೆ. ಲಾಟು ಮಾವ ಹಿಂದಿನ ದಿನ ಒತ್ತಿದ್ದು. ಅದು ಅವನದೆಂದು ಆಗಲೇ ನನಗೆ ಗೊತ್ತಿತ್ತೆ? ಗೊತ್ತಿತ್ತು ಅನ್ನಿಸುತ್ತದೆ, ಆದರೆ ಆಮೇಲೆ ತಿಳಿದದ್ದನ್ನು ನೆನಪು ಹಿಂದಕ್ಕೆ ಒಯ್ದು ಹಚ್ಚಿರಬಹುದು. ಶಬ್ದಕ್ಕೆಂದು ಎಲ್ಲರ ಹಾಗೆ ನಾನೂ ಕಿವಿಗೆ ಸ್ಪಂಜಿನ ಬಿರಡೆ ಹಾಕಿಕೊಂಡಿದ್ದೆ. ಲೆಕ್ಕ ಕೇಳಿಸಿಕೊಳ್ಳಲು ಒಂದು ಕಿವಿಯದನ್ನು ತೆಗೆದಿದ್ದೆ. ಯಾವ ಕಿವಿಯದು? ಅಕ್ಕ ಕೂತದ್ದು ನನ್ನ ಎಡಕ್ಕೆ. ನನ್ನ ಕಣ್ಣ ಮುಂದೆ ಬರುವ ಚಿತ್ರದಲ್ಲಿ ಬಿರಡೆ ನನ್ನ ಬಲಗೈಯಲ್ಲಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ.

ಟ್ರೇ ಮುಗಿಯಿತು. ಅಕ್ಕ ತಲೆ ಎತ್ತಿ ಕೂಗಿದರು. ನನಗೆ ಕೇಳಿಸಿದ್ದು ‘ಮೂರು ಸೊತ್ತ’ ಎಂಬುದಷ್ಟೇ, ಮಿಕ್ಕದ್ದು ಪ್ರೆಸ್ಸಿನ ಸದ್ದಿನಲ್ಲಿ ಹೋಯಿತು. ಮೇಲಿನ ಸಾಲಿನಲ್ಲಿ ಮೂರು ಎಂದು ಬರೆದೆ. ಕೆಳಗೆ ನೆಗ್ಗಿನ ಎದುರಿಗೂ ಮೂರು ಎಂದು ಅಂದಾಜಿನ ಮೇಲೆ ನಾನೇ ತುಂಬಿದೆ. ಕೆಟ್ಟ ಪೀಸು ಮೂರು, ತಲಾ ಒಂದೊಂದು ನೆಗ್ಗು, ಸರಿಹೋಯಿತಲ್ಲ. ಲೆಕ್ಕ ತಾಳೆಯಾಗಿದ್ದರಿಂದ ತಿರುಗಿ ಕೇಳಲಿಲ್ಲ. ಯಾರು ಏನು ಹೇಳಿದರೂ ‘ಹೇಗೆ ಗೊತ್ತು’ ಎಂದು ಕೇಳುವವನು ಆವತ್ತು ಕೇಳಲಿಲ್ಲ. ಕೆಂಪು ಚೀಟಿ ಅಂಟಿಸಿ ಟೀಗೆ ಹೋದೆ.

ವಾಪಸ್ಸು ಬರುವಾಗ ಅಕ್ಕ ಆ ಚೀಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಏನ್ ಸಾರ್ ಇದು, ಲಾಟ್ ನಿಲ್ಸಿದ್ದೀರಾ?”

“ಮೂರು ಸೊತ್ತ ಅಂದ್ರಲ್ಲ ಅಕ್ಕ.”

“ನಾನಾ? ಮೂರು ಸೊಟ್ಟ ಅಂದಿರ್ತೀನಿ ಸಾರ್.”

“ಅಂದಿರ್ತೀನಿ ಅಂದ್ರೆ? ಅಂದ್ರಾ, ಇಲ್ವಾ?”

“ಅಯ್ಯೋ ದೇವುಡಾ, ಬೆಳಗಿಂದ ಎಷ್ಟು ಟ್ರೇ ಕೂಗಿದ್ದೀನಿ. ಎಲ್ಲಾ ನೆನಪಿಟ್ಕೊಳ್ಳೋಕೆ ನಾನೇನು ಟೇಪಾ?”

“ಕೆಂಪು ಡಬ್ಬಕ್ಕೆ ಎಷ್ಟು ಹಾಕಿದ್ರಿ?”

ಆಕೆ ಯೋಚಿಸಿದರು. “ಒಂದು. ಒಂದೇ ಇರ್ಬೇಕು. ಇಲ್ಲ, ಆ ಲಾಟ್ದು ಒಂದು, ಅದರ ಹಿಂದಿನ ಲಾಟ್ದು ಎರಡು... ಡಬ್ಬ ನೋಡೋಣ ಬನ್ನಿ.”

ಡಬ್ಬ ಖಾಲಿ. ಟೀ ಬಿಡುವಿನಲ್ಲಿ ಸ್ಕ್ರ್ಯಾಪಿನ ತಳ್ಳುಗಾಡಿಯವನು ಎಂದಿನ ಹಾಗೆ ಎತ್ತಿ ಸುರಿದುಕೊಂಡು ಹೋಗಿದ್ದ. ಅಂಗಳದ ಮೂಲೆಯಲ್ಲಿ ಆ ಕವರುಗಳು ಮಿಕ್ಕ ತಗಡಿನ ಜೊತೆ ಅಮುಕಿ ಚೌಕದ ಗಟ್ಟಿಯಾಗಿದ್ದವು. ಟ್ರೇಯಲ್ಲಿ ಉಳಿದ ಒಳ್ಳೆಯವನ್ನು ಎಣಿಸೋಣವೆಂದರೆ ಅವು ಆಗಲೇ ಲಾಟಿನೊಳಗೆ ಬೆರೆತುಹೋಗಿದ್ದವು. ನಾನು ಆ ಗಟ್ಟಿಯನ್ನು ಸುತ್ತು ಹಾಕಿ ನೋಡಿದ್ದು ನೆನಪಿದೆ. ಒಳಗೆ ಎಷ್ಟಿವೆ ಎಂದು ಕಾಣುವ ಹಾಗೆ!

ಅಷ್ಟರಲ್ಲಿ ಮಾವನಿಗೆ ಸುದ್ದಿ ಮುಟ್ಟಿತ್ತು. ಕೈಯೊರೆಸುವ ಬಟ್ಟೆಯನ್ನು ಹಿಡಿದುಕೊಂಡೇ ಬಂದ.

“ಸಾರ್, ನನ್ ಲಾಟ್‌ಗೆ ಕೆಂಪು ಚೀಟಿ ಅಂತೆ?” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹತ್ತಿರ ಬಂದು ದನಿ ತಗ್ಗಿಸಿದ. “ಏನ್ಲಾ ಮಾಡ್ಬುಟ್ಟೆ? ಪಟ್ಟಿ ಸುಕ್ರವಾರ ಹೋಯ್ತದೆ ಕಣ್ಲಾ.”

“ಕೇಳಿಸಿಕೊಳ್ಳೋದರಲ್ಲಿ ತಪ್ಪಾಗಿರಬಹುದು ಮಾವ. ನೋಡ್ತೀನಿ.”

“ಆಗಿರಬೌದಾ? ಆಗೈತಾ?”

ಇದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿಗೆ ಮುಂಚೆ ನಾನು ಅಕ್ಕನಿಗೆ ಕೇಳಿದ್ದೆ.

ಮತ್ತೆ ಐವತ್ತು ಎತ್ತಿ ನೋಡಿದರಾಯಿತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಮೊದಲು ಹೊಳೆದದ್ದು ಅದೇ. ಆದರೆ ನಿಂತ ಲಾಟಿನಿಂದ ಎರಡನೆಯ ಸಲ ಎತ್ತಬಾರದು. ಪಾಸಾಗುವ ತನಕ ಎತ್ತುತ್ತಾ ಹೋದರೆ ಯಾವ ಲಾಟಾದರೂ ಒಂದಲ್ಲ ಒಂದು ಸಲ ಪಾಸಾಗುತ್ತದೆ. ಆ ಅಭ್ಯಾಸ ಅಲ್ಲಿತ್ತು. ನಾನೇ ಜಗಳವಾಡಿ ನಿಲ್ಲಿಸಿ, ಗೋಡೆಗೆ ಸೂಚನೆ ಅಂಟಿಸಿದ್ದೆ. ಈಗ ಮಾವನ ಲಾಟಿಗೆ ಅದನ್ನು ಮುರಿಯುವುದೆಂದರೆ? ಉಳಿದಿದ್ದ ದಾರಿ ಎರಡೇ. ಲಾಟು ನಿಂತಿದೆ ಎಂದು ಒಪ್ಪಿ, ಮಾವನ ಹೆಸರನ್ನು ಬೋರ್ಡಿಗೇರಿಸಿ, ಎಲ್ಲ ಕವರುಗಳನ್ನೂ ಆರಿಸುವುದು. ಆಗ ಸತ್ಯ ಗೊತ್ತಾಗುತ್ತಿತ್ತು, ಆದರೆ ಪಟ್ಟಿಯಿಂದ ಮಾವ ಹೋಗುತ್ತಿದ್ದ. ಇಲ್ಲವೇ ಬರೆದವನೇ ತನ್ನ ತಪ್ಪು ಎಂದು ಒಪ್ಪಿ ಅಂಕಿಯ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಕಾರಣ ಬರೆದು ಸಹಿ ಹಾಕುವುದು. ಆಗ ಲಾಟು ಪಾಸು. ಬಾಗಿಲಲ್ಲಿ ನಿಂತಿದ್ದ ಲಾರಿ ಹತ್ತಿ ಹೋಗುತ್ತದೆ, ಸತ್ಯವೂ ಅದರ ಜೊತೆ.

ಹಾಳೆ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದೆ. ಅವರು ಸೇಲಂ ಕಡೆಯವರು, ನನ್ನೊಡನೆ ತಮಿಳಿನಲ್ಲೇ ಮಾತು. ಕೆಟ್ಟವರಲ್ಲ, ಬೇಗ ಬೇಸರವಾಗುತ್ತಿದ್ದವರು. ನಾನು ಗೆರೆ ಎಳೆದು, ಮೂರರ ಬದಲು ಒಂದು ಎಂದು ಬರೆದು, ಕಾರಣದ ಜಾಗದಲ್ಲಿ ‘ಬಹುಶಃ ತಪ್ಪಾಗಿ ಕೇಳಿಸಿರಬಹುದು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬರೆದಿದ್ದೆ. ಅವರು ಕನ್ನಡಕ ಏರಿಸಿ ಓದಿದರು.

“ಎನ್ನಪ್ಪಾ ಇದು, ಜಾದಗಮಾ?”

ಜಾತಕವೇ ಇದು, ಬಹುಶಃ ಮದುವೆಯಾಗಬಹುದು, ಬಹುಶಃ ಮಕ್ಕಳಾಗಬಹುದು ಎನ್ನಲಿಕ್ಕೆ? ಲೆಕ್ಕದ ಹಾಳೆಯಲ್ಲಿ ಬಹುಶಃ ಎಂಬ ಪದಕ್ಕೆ ಜಾಗವಿಲ್ಲ. ಅದರಲ್ಲೂ ಇದು ನಿನ್ನ ಮಾವನ ಲಾಟು, ಆಡಿಟಿಗೆ ಬಂದವರು ಮೊದಲು ಇದನ್ನೇ ಎತ್ತುತ್ತಾರೆ ಎಂದರು. ತಪ್ಪಾಗಿದ್ದರೆ ತಪ್ಪಾಯಿತು ಎಂದು ಬರೆ. ಆಗದಿದ್ದರೆ ಲಾಟು ನಿಲ್ಲಲಿ.

ಆಗ ನಾನು ಮಾಡಿದ ಕೆಲಸವನ್ನು ಬರೆಯಲು ಕೈ ಹಿಂಜರಿಯುತ್ತದೆ. ಉಪನ್ಯಾಸ ಕೊಟ್ಟೆ. ನೆನಪು ಎನ್ನುವುದು ಹೇಗೆ ನಂಬಲರ್ಹವಲ್ಲ, ಒಮ್ಮೆ ಸಂಶಯ ಬಂದ ಮೇಲೆ ಕೇಳಿದ ಶಬ್ದವೇ ಹೇಗೆ ಬದಲಾಗುತ್ತದೆ, ಈಗ ಆ ದನಿಯನ್ನು ನೆನೆಸಿಕೊಂಡರೆ ‘ಟ್ಟ’ ಎಂದೂ ಕೇಳುತ್ತದೆ, ‘ತ್ತ’ ಎಂದೂ ಕೇಳುತ್ತದೆ, ಹೀಗಿರುವಾಗ ನಾನು ಯಾವುದಕ್ಕೆ ಸಹಿ ಹಾಕಲಿ ಎಂದು. ನನ್ನ ರೇಡಿಯೋ ತಮಿಳಿನಲ್ಲಿ. ಮಾತು ಚೆನ್ನಾಗಿಯೇ ಬಂತು. ಒಂದೆರಡು ವಾಕ್ಯ ಮುಗಿದಾಗ ನನಗೇ ಮೆಚ್ಚುಗೆಯಾಯಿತು. ಗಾಜಿನ ಆಚೆ ಮಾವ ನಿಂತಿದ್ದ. ಒಳಗೆ ನೋಡುತ್ತಿರಲಿಲ್ಲ, ಬಟ್ಟೆಯಿಂದ ಬೆರಳು ಒಂದೊಂದನ್ನೇ ಒರೆಸಿಕೊಳ್ಳುತ್ತಿದ್ದ. ಆ ಗಾಜಿಗೆ ಅರ್ಧದ ತನಕ ಬಿಳಿ ಹಾಳೆ ಅಂಟಿಸಿರುತ್ತಾರೆ, ಅವನ ಕೈ ನನಗೆ ಕಂಡಿರಲು ಸಾಧ್ಯವಿಲ್ಲ. ಆದರೂ ನನಗೆ ನೆನಪಿರುವುದು ಆ ಕೈಗಳೇ.

ಮ್ಯಾನೇಜರು ಪೂರ್ತಿ ಕೇಳಿದರು. “ನೀ ಸೊಲ್ರದೆಲ್ಲಾಂ ಸರಿ,” ಎಂದರು, “ವಂಡಿ ನಿಕ್ಕುದು.” ನೀನು ಹೇಳುವುದೆಲ್ಲ ಸರಿ, ಗಾಡಿ ನಿಂತಿದೆ.

ಹೊಸ ಹಾಳೆ ಕೊಡಲಿಲ್ಲ. ಅದೇ ಹಾಳೆಯಲ್ಲಿ ಬಹುಶಃ ಎಂಬುದರ ಮೇಲೆ ನಾನೇ ಗೆರೆ ಎಳೆದೆ. ‘ತಪ್ಪಾಗಿ ಕೇಳಿಸಿಕೊಂಡೆ’ ಎಂದು ಬರೆದು ಸಹಿ ಹಾಕಿದೆ. ನಂಬಿ ಹಾಕಿದೆನೋ, ಗಾಜಿನ ಆಚೆ ನಿಂತವನಿಗಾಗಿ ಹಾಕಿದೆನೋ, ಲಾರಿಯ ಡ್ರೈವರು ಹಾರನ್ನು ಒತ್ತುತ್ತಲೇ ಇದ್ದನಲ್ಲ ಎಂದು ಹಾಕಿದೆನೋ. ಇಂಥದ್ದನ್ನೆಲ್ಲ ಬರೆಯಲು ಹಾಳೆಯಲ್ಲಿ ಸಾಲಿರಲಿಲ್ಲ.

ಕಾರ್ಖಾನೆಯಲ್ಲಿ ವಾರಗಟ್ಟಲೆ ನಗೆಯಾಯಿತು. ಬದನೆಕಾಯಿ ಹಿಡಿದು ಪಾಠ ಮಾಡಿದವನೇ ಒಂದನ್ನು ಮೂರು ಮಾಡಿದ ಎಂದು. ಕ್ಯಾಂಟೀನಿನಲ್ಲಿ ಬಡಿಸುವವನು ನನ್ನ ತಟ್ಟೆಗೆ ಒಂದು ವಡೆ ಹಾಕಿ “ಮೂರು ಸಾರ್” ಎನ್ನುತ್ತಿದ್ದ. ಅಕ್ಕ ಮಾತ್ರ ನಗಲಿಲ್ಲ. ಒಂದು ದಿನ ಟ್ರೇ ಎತ್ತಿಕೊಳ್ಳುತ್ತಾ ಅಂದರು:

“ನನ್ನ ನಾಲಿಗೆ ಮೇಲೆ ಹಾಕ್ದೆ ನಿಮ್ಮ ಕಿವಿ ಮೇಲೆ ಹಾಕ್ಕೊಂಡ್ರಲ್ಲ ಸಾರ್, ಅದೇ ದೊಡ್ಡದು. ಬೇರೆಯೋರಾಗಿದ್ರೆ ನನ್ನ ಮೇಲೇ ಎತ್ತಾಕೋರು.”

ಆಕೆಯ ಮೇಲೆ ಹಾಕುವ ಯೋಚನೆ ನನಗೆ ಬಂದೇ ಇರಲಿಲ್ಲ ಎಂದು ಹೇಳಬಹುದಿತ್ತು. ಬಂದಿತ್ತೋ ಇಲ್ಲವೋ ಎಂದು ಈಗ ಆಣೆ ಮಾಡಲಾರೆ.

ಪಟ್ಟಿ ಹೋಯಿತು, ಆರ್ಡರು ಬಂತು. ಮಾವ ಪರ್ಮನೆಂಟಾದ. ಮುನೇಶ್ವರನಿಗೆ ಮರಿ ಕೊಡುತ್ತೇನೆಂದು ಹರಕೆ ಹೊತ್ತಿದ್ದನಂತೆ, ಒಂದು ಭಾನುವಾರ ನೆಂಟರನ್ನೆಲ್ಲ ಕರೆದ. ಮುನೇಶ್ವರ ಇರುವುದು ಅಜ್ಜಿಯ ಊರಿನ ಕೆರೆ ಅಂಗಳದ ಹುಣಸೆ ಮರದ ಬುಡದಲ್ಲಿ. ಅಲ್ಲೇ ಕೊಯ್ದು, ಅಲ್ಲೇ ಬೇಯಿಸಿ, ಅಲ್ಲೇ ತಿಂದು ಬರಬೇಕು, ಮನೆಗೆ ಒಂದು ತುಂಡೂ ತರುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಕಲ್ಲಿನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅತ್ತೆ ಮುದ್ದೆ ಕಟ್ಟುತ್ತಾ ನನ್ನನ್ನು ಕಂಡು, “ಬಾಪ್ಪ, ನಿನ್ನಿಂದ್ಲೇ ಇವತ್ತು ಈ ಊಟ” ಎಂದಳು. ನಾನು ಅದನ್ನು ಬಂದವರಿಗೆಲ್ಲ ಹೇಳುವ ಮಾತು ಎಂದುಕೊಂಡೆ.

ಎಲೆ ಹಾಕುವ ಮುಂಚೆ ಮಾವ ನನ್ನನ್ನು ಕೆರೆ ಏರಿಯ ಕಡೆ ಕರೆದೊಯ್ದ. ಹೆಗಲ ಮೇಲೆ ಕೈ ಹಾಕಿದ. ಹಾಗೆ ಹಾಕಿ ವರ್ಷಗಳೇ ಆಗಿದ್ದವು.

“ಅಳಿಯ, ಒಂದ್ ಮಾತು. ಅವತ್ತು ಆ ಲಾಟ್ನಾಗೆ ಸೊತ್ತ ಇದ್ವು ಕಣ್ಲಾ.”

ನಾನು ನಿಂತೆ.

“ಡೈ ಮೇಲೆ ತಗಡಿನ ಚೂರು ಕೂತ್ಕಂಡಿತ್ತು. ನಾನು ನೋಡೋಷ್ಟ್ರಲ್ಲಿ ಒಂದಷ್ಟು ಪೀಸು ನೆಗ್ಗೋಗಿದ್ವು. ಬಟ್ಟೇಲಿ ಒರೆಸ್ಬುಟ್ಟು ಮತ್ತೆ ಸುರು ಮಾಡ್ದೆ. ಕೈಗೆ ಸಿಕ್ದೋವ ತೆಗೆದಾಕ್ದೆ, ಮಿಕ್ಕಿದ್ದು ಹೋದ್ವು. ನೀನು ಮೂರು ಅಂತ ಬರ್ದಾಗ್ಲೇ ಅಂದ್ಕಂಡೆ, ಸಿಕ್ಕಾಕ್ಕಂಡೆ ಅಂತ.”

“ಎಷ್ಟು ಪೀಸು ಮಾವ?”

“ಅದ್ಯಾರ್ ಎಣಿಸ್ತಾರ್ಲಾ.”

“ಚೂರು ಒಂದೇ ಇತ್ತಾ, ಜಾಸ್ತಿ ಇದ್ವಾ?”

ಡೈ ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಅದರ ಮೇಲೆ ಚೂರು ಒಂದೇ ಆಗಿದ್ದರೆ ಪ್ರತಿ ಏಟಿಗೂ ಒಂದು ಪೀಸಿಗೆ ಒಂದೇ ನೆಗ್ಗು ಬೀಳುತ್ತದೆ. ಮೂರು ನೆಗ್ಗೆಂದರೆ ಮೂರು ಪೀಸು, ನನಗೆ ಕೇಳಿಸಿದ್ದೇ ಸರಿ. ಚೂರು ಎರಡು ಮೂರಿದ್ದರೆ ಒಂದೇ ಪೀಸಿನ ಮೇಲೆ ಮೂರೂ ಬೀಳಬಹುದು, ಆಗ ಅಕ್ಕ ಹೇಳಿದ್ದು ಸರಿ. ಇಷ್ಟನ್ನು ಅವನಿಗೆ ಆತುರಾತುರವಾಗಿ ವಿವರಿಸಿದೆ. ಮಾವ ನನ್ನ ಮುಖವನ್ನೇ ನೋಡಿದ.

“ಚೂರು ಚೂರೇ ಕಣ್ಲಾ. ನಾನೇನು ಅದ್ರ ಕುಲಗೋತ್ರ ಕೇಳ್ಕಂಡ್ ಕೂತಿದ್ನಾ? ಬುಡು. ನಂಗೊತ್ತಿಲ್ವಾ, ನೀನು ನಂಗೋಸ್ಕರ ಸುಳ್ಳೇಳ್ದೆ ಅಂತ. ಓದಿದೋನು, ನಿಂಗೆ ಬಾಯಲ್ಲಿ ಸುಳ್ಳೇ ಬರಾಕಿಲ್ಲ, ಎಲ್ಲಾದ್ರೂ ಕೆಟ್ಟೋಯ್ತೀಯ ಅಂತ ನಮ್ಮಕ್ಕ ಯಾವಾಗ್ಲೂ ಅಳೋಳು. ಬಂತಲ್ಲ! ಟೈಮಿಗೆ ಸರ್ಯಾಗಿ ಬಂತಲ್ಲ!”

ಅವನ ಕಣ್ಣು ತುಂಬಿತ್ತು. ‘ಇಲ್ಲ ಮಾವ, ನಾನು ಸುಳ್ಳು ಹೇಳಲಿಲ್ಲ’ ಎನ್ನಬೇಕಿತ್ತು. ಹಾಗೆನ್ನಲು ನನಗೆ ಸತ್ಯ ಗೊತ್ತಿರಬೇಕಿತ್ತು. ಅಥವಾ ‘ಹಾಗಾದರೆ ನೆಗ್ಗಿದ ಕವರುಗಳು ಹೊರಗೆ ಹೋಗಿವೆ, ನಾಳೆ ಹೇಳಬೇಕು’ ಎನ್ನಬೇಕಿತ್ತು. ಅದನ್ನು ಹೇಳಲು ಏನೂ ಗೊತ್ತಿರಬೇಕಾಗಿರಲಿಲ್ಲ, ಅವನು ಈಗ ತಾನೇ ಹೇಳಿದ್ದೇ ಸಾಕಾಗಿತ್ತು. ನಾನು ಕೆರೆಯನ್ನು ನೋಡುತ್ತಾ ನಿಂತೆ. ಸಂಶಯಪಡುವುದು ಪ್ರಾಮಾಣಿಕತೆಯ ಗುರುತು ಎಂದು ವಿದ್ಯಾರ್ಥಿಯಾಗಿದ್ದಾಗಿನಿಂದ ನಂಬಿಕೊಂಡು ಬಂದಿದ್ದೆ. ಅದರ ಹಿಂದೆ ಇಷ್ಟು ಆರಾಮವಾಗಿ ಅವಿತುಕೊಳ್ಳಬಹುದೆಂದು ಆವತ್ತು ಕಂಡಿತು.

ಹುಣಸೆ ಮರದ ಕೆಳಗೆ ಎಲ್ಲರೂ ಎಲೆ ಮುಂದೆ ಕೂತಿದ್ದರು. ಮಾವ ನನ್ನನ್ನು ತನ್ನ ಅಣ್ಣಂದಿರ ಪಕ್ಕದಲ್ಲಿ ಕೂರಿಸಿ, ಮಿಕ್ಕವರಿಗೆಲ್ಲ ಕೇಳುವ ಹಾಗೆ ಕತೆ ಶುರು ಮಾಡಿದ. ಅವನ ಕತೆಯಲ್ಲಿ ಸೊತ್ತ ಐದಾಗಿದ್ದವು. ಮ್ಯಾನೇಜರು ಮ್ಯಾನೇಜರಾಗಿರದೆ ಪೊಲೀಸಾಗಿದ್ದರು. ನಾನು ಮೇಜು ಗುದ್ದಿ, ‘ನನ್ ಕಿವಿಗೆ ಸರ್ಯಾಗಿ ಕೇಳಿಸಿಲ್ಲ, ಏನಿವಾಗ?’ ಎಂದಿದ್ದೆ.

“ಗಾಜಿನ್ ಆಚೆಯಿಂದ ನಾನೇ ನೋಡಿವ್ನಿ,” ಎಂದ ಮಾವ.

ಅಣ್ಣಂದಿರಲ್ಲಿ ಒಬ್ಬನು ನನ್ನ ಬೆನ್ನು ತಟ್ಟಿದ. “ನಮ್ಮ ಕಡೆ ರಕ್ತ ಐತಲ್ಲ, ಎಲ್ಲೋಯ್ತದೆ.”

ಅಜ್ಜಿಗೆ ಕಿವಿ ಮಂದ. ಆಕೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಪಕ್ಕದವಳನ್ನು ಏನು ಏನು ಎಂದು ಕೇಳಿ, ಅವಳು ಕಿವಿಯಲ್ಲಿ ಕೂಗಿ ಹೇಳಿದ ಮೇಲೆ ನನ್ನ ಕಡೆ ತಿರುಗಿದಳು.

“ಏನ್ಲಾ, ಸೋದರಮಾವುನ್ಗೋಸ್ಕರ ಸುಳ್ಳೇಳಿದ್ಯಂತೆ. ದಿಟವಾ?”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮಾವ ಎದೆ ಉಬ್ಬಿಸಿ ಕೂತಿದ್ದ. ಅಜ್ಜಿ ಒಬ್ಬಳೇ ನಿಜವಾಗಿ ಕೇಳುತ್ತಿದ್ದಳು.

“ಗೊತ್ತಿಲ್ಲ ಅಜ್ಜಿ,” ಎಂದೆ.

ಎಲ್ಲರೂ ಒಟ್ಟಿಗೆ ನಕ್ಕರು. ಮಾವನಂತೂ ತೊಡೆ ತಟ್ಟಿಕೊಂಡು, ಕೆಮ್ಮು ಹತ್ತುವ ತನಕ ನಕ್ಕ. “ನೋಡಿದ್ರಾ? ನೋಡಿದ್ರಾ ಇವ್ನ? ದೇವ್ರ ಮುಂದೆ ಕೂರ್ಸಿ ಕೇಳಿದ್ರೂ ಬಿಟ್ಕೊಡಾಕಿಲ್ಲ!”

ಅಜ್ಜಿಗೆ ನಾನು ಹೇಳಿದ್ದು ಕೇಳಿಸಿರಲಿಲ್ಲ. ಏನಂದ, ಏನಂದ ಎಂದು ಕೇಳುತ್ತಲೇ ಇದ್ದಳು, ಯಾರೂ ಹೇಳಲಿಲ್ಲ. ಅತ್ತೆ ಬಗ್ಗಿ ನನ್ನ ಎಲೆಗೆ ಇನ್ನೊಂದು ಸೌಟು ಹಾಕಿದಳು, ದೊಡ್ಡ ತುಂಡುಗಳನ್ನೇ ಆರಿಸಿ. ಅಷ್ಟು ಹೊತ್ತಿಗೆ ನಾನೂ ಅವರ ಜೊತೆ ನಗುತ್ತಿದ್ದೆ.